ಒರೆಸೋ ಅಕ್ಕನ ಕಣ್ಣಳತೆ

ಬೆಳಗಿನ ಆರೂಕಾಲು. ಅಂಗಡಿಯ ಶಟರ್ ಸೊಂಟದ ಎತ್ತರಕ್ಕೆ ಮಾತ್ರ ಎದ್ದಿದೆ. ಒಳಗೆ ಇನ್ನೂ ದೀಪ ಹಾಕಿಲ್ಲ. ಉದ್ದನೆಯ ನಾಲ್ಕು ಮೇಜುಗಳ ಮೇಲೆ ಮೂವತ್ತೆಂಟು ಲ್ಯಾಪ್‌ಟಾಪ್‌ಗಳು ಮುಚ್ಚಿಕೊಂಡು ಮಲಗಿವೆ. ಹೆಂಗಸೊಬ್ಬರು ಬಗ್ಗಿ ಒಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಒಂದು ಕೈಗೆ ಒದ್ದೆ ಬಟ್ಟೆ, ಇನ್ನೊಂದಕ್ಕೆ ಒಣ ಬಟ್ಟೆ ತೆಗೆದುಕೊಳ್ಳುತ್ತಾರೆ. ಮೊದಲನೆಯದನ್ನು ಒಂದೇ ಬೆರಳಿನಿಂದ ತೆರೆಯುತ್ತಾರೆ. ಪರದೆಯ ಜೊತೆಗೆ ಕೆಳಗಿನ ಭಾಗವೂ ಮೇಲೇಳುತ್ತದೆ. "ಇದರ ಕೀಲು ಬಿಗಿ. ಬಸ್ಸಲ್ಲಿ ಕೂತ್ಕೊಂಡು ತೆಗೆಯೋರಿಗೆ ಆಗಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮುಂದಿನದಕ್ಕೆ ಹೋಗುತ್ತಾರೆ.

ಇವರನ್ನು ಬೀದಿಯಲ್ಲೆಲ್ಲ ಕರೆಯುವುದು ಒರೆಸೋ ಅಕ್ಕ ಎಂದು. ಅಂಗಡಿಯ ಪಟ್ಟಿಯಲ್ಲೂ ಇವರ ಕೆಲಸ ಗುಡಿಸುವುದು, ಒರೆಸುವುದು. ಮಾರಾಟದವರ ಅಂಗಿಯ ಮೇಲೆ ಹೆಸರಿನ ಬಿಲ್ಲೆ ಇದೆ, ಇವರಿಗಿಲ್ಲ. ಆದರೂ ಲ್ಯಾಪ್‌ಟಾಪ್ ಕೊಳ್ಳಬೇಕು, ಯಾವುದು ಅಂತ ತಿಳಿಯುತ್ತಿಲ್ಲ ಎನ್ನುವವರು ಬೆಳಗ್ಗೆ ಈ ಅರ್ಧ ಶಟರಿನ ಮುಂದೆ ಬಂದು ನಿಲ್ಲುತ್ತಾರೆ. ಕೆಲವು ದಿನ ಇಬ್ಬರು, ಕೆಲವು ದಿನ ಐವರು.

ಇವತ್ತು ಮೊದಲು ಬಂದವರು ಆಸ್ಪತ್ರೆಯ ನರ್ಸ್. ಪಾಳಿ ಮುಗಿಸಿ ಹಾಗೇ ಬಂದಿದ್ದಾರೆ. ಅಕ್ಕ ಸ್ಟೂಲ್ ಕೊಟ್ಟು ಕೂರಿಸಿ, ಒರೆಸುತ್ತಲೇ ಮಾತಿಗೆ ತೊಡಗುತ್ತಾರೆ.

"ನಿನ್ನೆ ಎದ್ದಾಗಿಂದ ಏನೇನು ಮಾಡಿದ್ರಿ, ಹೇಳಿ."

"ಅಕ್ಕಾ, ನಾನು ಲ್ಯಾಪ್‌ಟಾಪ್ ಕೇಳೋಕೆ ಬಂದಿದ್ದು. ನೀವು ನಮ್ಮತ್ತೆ ಥರ ವಿಚಾರಿಸ್ತಿದ್ದೀರಲ್ಲ."

"ಅತ್ತೆಗೆ ಹೇಳೋದನ್ನ ಹೇಳ್ಬೇಡಿ. ನಿಜ ಹೇಳಿ."

ನರ್ಸ್ ನಕ್ಕು ಹೇಳತೊಡಗುತ್ತಾರೆ. ಮನೆಗೆ ಹೋಗಿ ಮಲಗಿದ್ದು, ಮಧ್ಯಾಹ್ನ ಎದ್ದು ಮುಂದಿನ ಪರೀಕ್ಷೆಗೆ ಎರಡು ಪಾಠ ನೋಡಿದ್ದು, ಫೋನಿನ ಸಣ್ಣ ಪರದೆಯಲ್ಲಿ ಕಣ್ಣು ಉರಿದದ್ದು, ದೂರದಲ್ಲಿರುವ ತಂಗಿಯ ಜೊತೆ ಮುಖ ನೋಡಿ ಮಾತಾಡಿದ್ದು. ಅಕ್ಕ ನಡುನಡುವೆ ಕೇಳುತ್ತಾರೆ. ಪಾಠ ನೋಡುವಾಗ ಹಾಸಿಗೆ ಮೇಲೋ ಮೇಜಿನ ಮುಂದೋ? ಪ್ಲಗ್ ಎಷ್ಟು ದೂರ? ಆಸ್ಪತ್ರೆಗೂ ಹೊತ್ತೊಯ್ಯುತ್ತೀರಾ? ಚೀಲದಲ್ಲಿ ಇನ್ನೇನಿರುತ್ತೆ? ನೀರಿನ ಬಾಟಲಿನಾ? ಮುಚ್ಚಳ ಗಟ್ಟಿನಾ?

ಇಪ್ಪತ್ತು ನಿಮಿಷ ಕಳೆದ ಮೇಲೆ ಉತ್ತರ ಬರುತ್ತದೆ. "ಎರಡನೇ ಮೇಜು, ಕಿಟಕಿಯಿಂದ ಐದನೇದು. ಹಗುರ ಇದೆ. ಹೊಟ್ಟೆ ಮೇಲಿಟ್ಕೊಂಡ್ರೂ ಸುಡಲ್ಲ. ಹತ್ತು ಗಂಟೆಗೆ ಅಂಗಡಿ ತೆಗೆದ ಮೇಲೆ ಬಂದು ಅದನ್ನೇ ಕೇಳಿ. ಪಕ್ಕದ್ದು ತೋರಿಸಿದ್ರೆ ಬೇಡ ಅನ್ನಿ."

ಹತ್ತು ಗಂಟೆಗೆ ಅಕ್ಕನೇ ಯಾಕೆ ತೋರಿಸಬಾರದು ಎಂದು ನರ್ಸ್ ಕೇಳುತ್ತಾರೆ. "ಆಗ ನಾನು ಮಾತಾಡೋ ಹಾಗಿಲ್ಲ," ಎಂದಷ್ಟೇ ಹೇಳಿ ಅಕ್ಕ ಇಪ್ಪತ್ತಾರನೆಯ ಲ್ಯಾಪ್‌ಟಾಪ್ ತೆರೆಯುತ್ತಾರೆ.

ಆ ಮಾತಿನ ಹಿಂದಿರುವುದನ್ನು ಅಕ್ಕ ಮುಚ್ಚಿಡುವುದಿಲ್ಲ. ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರುತ್ತದೆ ಎಂದಾಗ ಅವರು ಹಾಕಿದ ಷರತ್ತು ಒಂದೇ. "ಬರೆಯೋದಾದ್ರೆ ಅದನ್ನೂ ಬರೀಬೇಕು. ಅದನ್ನ ಬಿಟ್ಟು ಬರೆದ್ರೆ ಹೊಗಳಿದ ಹಾಗಾಗುತ್ತೆ. ಹೊಗಳಿಸ್ಕೊಳ್ಳೋ ಮುಖ ನನಗಿಲ್ಲ."

ಅಕ್ಕ ಈ ಅಂಗಡಿಗೆ ಬಂದು ಒಂಬತ್ತು ವರ್ಷವಾಯಿತು. ಓದಿದ್ದು ಏಳನೆಯ ತರಗತಿ. ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ ಚೀಟಿಗಳಲ್ಲಿ ಅಂಕಿಗಳನ್ನು ಬಿಟ್ಟರೆ ಬೇರೇನೂ ಅವರಿಗೆ ಓದಲು ಬರುವುದಿಲ್ಲ. ಮೊದಮೊದಲು ಒರೆಸುವುದಷ್ಟೇ ಕೆಲಸ. ಆಮೇಲೆ ಯಜಮಾನರು ಬೆಳಗ್ಗೆ ಎಲ್ಲವನ್ನೂ ಒಮ್ಮೆ ಹಚ್ಚಿ ಆರಿಸಲು ಹೇಳಿದರು. ಹಚ್ಚಿದ ಮೇಲೆ ಅಡಿಭಾಗಕ್ಕೆ ಅಂಗೈ ಇಟ್ಟು ನೋಡುವುದು, ಫ್ಯಾನಿನ ಸದ್ದಿಗೆ ಕಿವಿಗೊಡುವುದು, ಕಿಟಕಿಯ ಬೆಳಕಿನಲ್ಲಿ ಯಾವ ಪರದೆ ಕನ್ನಡಿಯ ಹಾಗೆ ಮುಖ ತೋರಿಸುತ್ತದೆ ಎಂದು ಗಮನಿಸುವುದು, ಇದೆಲ್ಲ ಯಾರೂ ಹೇಳಿದ್ದಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ.

ನಿಜವಾದ ಪಾಠ ಕಲಿಸಿದ್ದು ವಾಪಸ್ ಬರುವ ಲ್ಯಾಪ್‌ಟಾಪ್‌ಗಳು. ಕೊಂಡವರು ಹತ್ತು ದಿನದೊಳಗೆ ಬೇಡವೆಂದು ಹಿಂದಿರುಗಿಸಿದ್ದನ್ನು ಪೆಟ್ಟಿಗೆಗೆ ಹಾಕುವ ಮುನ್ನ ಒರೆಸಿ ಕೊಡುವುದೂ ಅಕ್ಕನ ಕೆಲಸವೇ. "ತವರಿಗೆ ವಾಪಸ್ ಬಂದ ಮಗಳ ಹಾಗೆ ಅವು. ಏನಾಯ್ತು ಅಂತ ಬಾಯಿಬಿಟ್ಟು ಹೇಳಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ," ಎನ್ನುತ್ತಾರೆ ಅವರು. ಲೆಕ್ಕ ಬರೆಯುವವರಿಗೆ ಬಲಗಡೆ ಅಂಕಿಯ ಗುಂಡಿಗಳಿಲ್ಲದ್ದನ್ನು ಕೊಟ್ಟಿರುತ್ತಾರೆ. ವಯಸ್ಸಾದವರಿಗೆ ಅಕ್ಷರ ಇರುವೆಯಷ್ಟು ಕಾಣುವುದನ್ನು ಕೊಟ್ಟಿರುತ್ತಾರೆ. ದಿನವಿಡೀ ಓಡಾಡುವವರಿಗೆ ಇಟ್ಟಿಗೆಯಷ್ಟು ಭಾರದ ಚಾರ್ಜರ್ ಇರುವುದು ಹೋಗಿರುತ್ತದೆ.

ಅಂಗಡಿಯ ಹಿರಿಯ ಮಾರಾಟಗಾರನಿಗೆ ಎಲ್ಲರೂ ಇಟ್ಟಿರುವ ಅಡ್ಡಹೆಸರು ಜೀಬಿ ಮಾವ. ಗಿರಾಕಿ ಬಾಯಿ ತೆರೆಯುವ ಮೊದಲೇ ಇಷ್ಟು ಜೀಬಿ, ಅಷ್ಟು ಜೀಬಿ ಎಂದು ಶುರುಮಾಡುವುದರಿಂದ ಬಂದ ಹೆಸರು. ಒಮ್ಮೆ ಅಜ್ಜಿಯೊಬ್ಬರು ಅವನ ಮಾತು ಕೇಳಿ ಕೇಳಿ ತಲೆ ಹಿಡಿದುಕೊಂಡು ಕೂತಾಗ, ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಅಕ್ಕ ಸಣ್ಣ ದನಿಯಲ್ಲಿ ಹೇಳಿದ್ದರಂತೆ. "ಅಜ್ಜಿ, ಅವರು ಹೇಳೋ ಜೀಬೀಲಿ ಒಂದು ಅಟ್ಟ, ಇನ್ನೊಂದು ಅಡುಗೆ ಕಟ್ಟೆ. ಸಾಮಾನು ತುಂಬಿಡೋಕೆ ಅಟ್ಟ. ಕೆಲಸ ಮಾಡೋಕೆ ಕಟ್ಟೆ. ಅಟ್ಟ ಎಷ್ಟೇ ದೊಡ್ಡದಿರಲಿ, ಕಟ್ಟೆ ಚಿಕ್ಕದಾದ್ರೆ ಒಂದು ಪಾತ್ರೆ ಇಡೋಕೆ ಇನ್ನೊಂದು ಕೆಳಗಿಳಿಸ್ಬೇಕು." ಅಜ್ಜಿಗೆ ಅರ್ಥವಾಯಿತು. ಜೀಬಿ ಮಾವನಿಗೂ ಅಂದೇ ಮೊದಲ ಸಲ ಸರಿಯಾಗಿ ಅರ್ಥವಾಯಿತು ಎಂದು ಅಂಗಡಿಯವರು ಇಂದಿಗೂ ಅವನನ್ನು ಕಾಡಿಸುತ್ತಾರೆ.

ಹಾಗೆ ಒಂದು ಮಾತು ಇನ್ನೊಂದಾಗಿ, ಗಿರಾಕಿಗಳು ಒರೆಸೋ ಅಕ್ಕನನ್ನೇ ಕೇಳಿಕೊಂಡು ಬರತೊಡಗಿದರು. ತಿಂಗಳಿಗೆ ಹನ್ನೊಂದು, ಹನ್ನೆರಡು ವಾಪಸ್ ಬರುತ್ತಿದ್ದದ್ದು ಮೂರಕ್ಕಿಳಿಯಿತು. ಯಜಮಾನರು ಅಕ್ಕನಿಗೆಂದು ಒಂದು ಸ್ಟೂಲ್ ತರಿಸಿ ಕೌಂಟರಿನ ತುದಿಯಲ್ಲಿ ಹಾಕಿಸಿದರು. ಮನೆಯಲ್ಲಿ ಅತ್ತೆ ಮಾತ್ರ ಸೊಪ್ಪು ಹಾಕಲಿಲ್ಲ. "ಊರಿನ ಲ್ಯಾಪ್‌ಟಾಪ್ ಎಲ್ಲ ಒರೆಸ್ತಾಳೆ. ನಮ್ಮನೆ ಕಿಟಕಿ ಗಾಜಲ್ಲಿ ಆಚೆಯವರ ಮುಖ ಕಾಣ್ದೆ ಆರು ತಿಂಗಳಾಯ್ತು," ಎಂದು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳುತ್ತಿದ್ದರು.

"ಆಮೇಲೆ ನನಗೆ ಕೊಬ್ಬು ಬಂತು," ಎನ್ನುತ್ತಾರೆ ಅಕ್ಕ. ಕೈಯಲ್ಲಿನ ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿರುತ್ತದೆ.

ಮೊದಲು ಎಲ್ಲರನ್ನೂ ಕೂರಿಸಿ ಕೇಳುತ್ತಿದ್ದವರು ಬರಬರುತ್ತ ಕೇಳುವುದನ್ನು ಬಿಟ್ಟರು. ಬಾಗಿಲಲ್ಲಿ ಬರುವಾಗಲೇ ಕೈ ನೋಡುವುದು, ಚೀಲ ನೋಡುವುದು, ಚಪ್ಪಲಿ ನೋಡುವುದು. ಬೆರಳಿನ ಮೇಲೆ ಶಾಯಿ ಇದ್ದರೆ ಗುಮಾಸ್ತೆ. ಹೆಗಲ ಮೇಲೆ ಚೀಲದ ಪಟ್ಟಿಯ ಗುರುತಿದ್ದರೆ ತಿರುಗಾಟದ ಕೆಲಸ. ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು. ಜೀಬಿ ಮಾವ ಗಿರಾಕಿಗಳಿಗೆ, "ನಮ್ಮಕ್ಕ ಕಣ್ಣಲ್ಲೇ ಅಳತೆ ತೆಗೀತಾರೆ," ಎಂದು ತೋರಿಸುತ್ತಿದ್ದ. ಅಕ್ಕನಿಗೂ ಆ ಮಾತು ಹಿತವಾಗುತ್ತಿತ್ತು.

ಕಳೆದ ವರ್ಷ ಒಂದು ಮಧ್ಯಾಹ್ನ. ಅಂಗಡಿ ತುಂಬಿತ್ತು. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಾಗಿಲ ಬಳಿ ಒಂದು ಬದಿಗೆ ನಿಂತಿದ್ದರು. ಸವೆದು ಅಂಚು ಬಿಟ್ಟ ಚಪ್ಪಲಿ. ಬೆರಳ ತುದಿಗಳಲ್ಲಿ ಸೀಮೆಸುಣ್ಣದ ಬಿಳಿ ಪುಡಿ. ಅಕ್ಕ ಸ್ಟೂಲಿನಿಂದ ಏಳಲೂ ಇಲ್ಲ. ಮನೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವವರು, ಹೆಚ್ಚಿನದೇನೂ ಬೇಕಿಲ್ಲ ಎಂದು ಅವರ ಕಣ್ಣು ತೀರ್ಮಾನ ಮಾಡಿ ಆಗಿತ್ತು.

"ಮಕ್ಕಳ ಪಾಠಕ್ಕೆ ತಾನೆ? ನಿಮಗೆ ಇದು ಸಾಕು," ಎಂದು ಕೊನೆಯ ಮೇಜಿನ ಮೇಲಿದ್ದ ಚಿಕ್ಕದೊಂದನ್ನು ತೋರಿಸಿದರು.

ಆ ಹೆಂಗಸು ಏನೋ ಹೇಳಲು ಬಾಯಿ ತೆರೆದರು. ಸುತ್ತ ಜನ ನೋಡುತ್ತಿದ್ದರು. "ಹೂಂ," ಎಂದು ಅದನ್ನೇ ತೆಗೆದುಕೊಂಡು ಹೋದರು. ಅವರು ಹತ್ತು ದಿನದಲ್ಲಿ ವಾಪಸ್ ತರಲಿಲ್ಲ. ಅಕ್ಕ ಅದನ್ನು ಸರಿಹೋದ ಲೆಕ್ಕಕ್ಕೆ ಸೇರಿಸಿಕೊಂಡರು.

ಹತ್ತು ವಾರದ ಮೇಲೆ ಯಜಮಾನರು ಅಂಗಡಿಯವರಿಗೆ ಹೊಲಿಸಿದ್ದ ಹೊಸ ಅಂಗಿಗಳನ್ನು ತರಲು ಅಕ್ಕನನ್ನೇ ಕಳಿಸಿದರು. ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಹೊಲಿಗೆಯ ಅಂಗಡಿ. ಒಂದು ಯಂತ್ರ, ಕತ್ತರಿಸುವ ಮೇಜು, ಬಟ್ಟೆ ಕತ್ತರಿಸುವಾಗ ಅಳತೆಗೆ ಇಟ್ಟುಕೊಳ್ಳುವ, ಗೋಡೆಗೆ ತೂಗುಹಾಕಿದ ಕಾಗದದ ಅಚ್ಚುಗಳು. ಮೇಜಿನ ಮೇಲೆ ಹರಡಿದ್ದ ಬಟ್ಟೆ ಜಾರದ ಹಾಗೆ ಅದರ ತುದಿಯಲ್ಲಿ ಭಾರ ಇಟ್ಟಿದ್ದರು. ಅಕ್ಕ ಗುರುತು ಹಿಡಿದರು. ಆ ಭಾರ ತಾವು ಕೊಡಿಸಿದ ಲ್ಯಾಪ್‌ಟಾಪ್.

ಹೊಲಿಗೆಯವರು ಅಂದು ಬಾಗಿಲ ಬಳಿ ನಿಂತಿದ್ದ ಹೆಂಗಸೇ. ಬೆರಳಲ್ಲಿ ಅದೇ ಬಿಳಿ ಪುಡಿ. ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದ್ದು.

ಅಕ್ಕನನ್ನು ಕಂಡೊಡನೆ ಅವರು ಲ್ಯಾಪ್‌ಟಾಪಿನ ಮೇಲೆ ಒಂದು ತುಂಡು ಬಟ್ಟೆ ಎಳೆದರು. ಅವರೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಬಹಳ ಹೊತ್ತು ಕೇಳಿದ ಮೇಲೆ ಹೇಳಿದರು. ಕಂಪ್ಯೂಟರಿನಲ್ಲಿ ಬಟ್ಟೆಯ ಅಚ್ಚು ಬಿಡಿಸುವುದನ್ನು ಕಲಿಯಲು ಸಂಜೆಯ ತರಗತಿಗೆ ಸೇರಿದ್ದರು. ದೊಡ್ಡ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಆ ಕೆಲಸಕ್ಕೆ ಪರೀಕ್ಷೆ ಇತ್ತು. ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ ಎಂದು ಅಷ್ಟು ಜನರ ಮುಂದೆ ಹೇಳಲು ಅಂದು ನಾಚಿಕೆಯಾಗಿತ್ತು.

ಅಕ್ಕ ಅದನ್ನು ಹಚ್ಚಿಸಿದರು. ಅಚ್ಚು ಬಿಡಿಸುವ ತಂತ್ರಾಂಶ ತೆರೆಯಲು ನಾಲ್ಕು ನಿಮಿಷ. ಒಂದು ತೋಳಿನ ಗೆರೆ ಎಳೆದರೆ ಗೆರೆ ಬೆರಳಿಗಿಂತ ಹಿಂದೆ ತೆವಳಿಕೊಂಡು ಬರುತ್ತಿತ್ತು. ಫ್ಯಾನು ಏದುಸಿರು ಬಿಡುತ್ತಿತ್ತು. ಆಮೇಲೆ ಎಲ್ಲ ನಿಂತುಹೋಯಿತು.

"ವಾಪಸ್ ಯಾಕೆ ತರಲಿಲ್ಲ ನೀವು?"

"ಅದರದ್ದೇನು ತಪ್ಪು ಬಿಡಿ," ಎಂದರು ಹೊಲಿಗೆಯವರು. "ತರಗತೀಲಿ ಎಲ್ಲರದ್ದೂ ಓಡೋದು, ನಂದು ನಿಲ್ಲೋದು. ನನ್ನ ಕೈಯೇ ನಿಧಾನ ಅನ್ಕೊಂಡೆ. ನನಗೆ ಇದು ಹತ್ತಲ್ಲ ಅಂತ ಬಿಟ್ಬಿಟ್ಟೆ."

ಪರೀಕ್ಷೆಗೆ ಇನ್ನು ಹನ್ನೊಂದು ದಿನ ಇತ್ತು. ಅವರು ಹೋಗುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು.

"ಲ್ಯಾಪ್‌ಟಾಪ್ ಕೆಟ್ಟಿದ್ರೆ ಕೆಟ್ಟಿತು ಅನ್ಬೋದಿತ್ತು," ಎನ್ನುತ್ತಾರೆ ಅಕ್ಕ. "ಅದು ಕೆಟ್ಟಿರಲಿಲ್ಲ. ಮಕ್ಕಳ ಪಾಠಕ್ಕೆ ಅದು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನನ್ನ ಮಾತು. ನನ್ನನ್ನ ಏಳನೇ ತರಗತಿಗೇ ಶಾಲೆ ಬಿಡಿಸಿದಾಗ ನಮ್ಮಪ್ಪ ಹೇಳಿದ್ದೂ ಅದೇ, ಹೆಣ್ಣುಮಗಳಿಗೆ ಇಷ್ಟು ಸಾಕು ಅಂತ. ನಾನು ಆ ಮಾತಿಗೆ ಎಷ್ಟು ವರ್ಷ ಒಳಗೊಳಗೇ ಅತ್ತಿದೀನಿ. ಕೊನೆಗೆ ಅದನ್ನೇ ತಗೊಂಡು ಹೋಗಿ ಇನ್ನೊಬ್ಬರ ಕೈಗೆ ಕೊಟ್ಟೆ."

ಅಂಗಿಗಳ ಗಂಟು ಹೊತ್ತು ಹಿಂದಿರುಗುವಾಗ ಅಕ್ಕನಿಗೆ ಹೊಳೆದ ದಾರಿಗಳು ಎರಡು. ಒಂದು, ಸುಮ್ಮನಿರುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು, ಯಜಮಾನರಿಗೆ ಹೇಳಿ ಬದಲಿಸಿ ಕೊಡಿಸುವುದು. ಹತ್ತು ದಿನ ಮೀರಿದ್ದನ್ನು ಅಂಗಡಿ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ತೆಗೆದುಕೊಳ್ಳಬೇಕಾದರೆ ತಪ್ಪು ಅಂಗಡಿಯದೆಂದು ಯಾರಾದರೂ ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡರೆ ಕೌಂಟರಿನ ತುದಿಯ ಸ್ಟೂಲ್ ಉಳಿಯುವುದು ಅನುಮಾನ.

ಯಜಮಾನರು ಒಬ್ಬರೇ ಇರುವಾಗ ಹೇಳಬೇಕೆಂದು ಎರಡು ದಿನ ಕಾದರು. ಅವರು ಒಬ್ಬರೇ ಇರಲೇ ಇಲ್ಲ. ಮೂರನೆಯ ದಿನ ಸಂಜೆ, ಎಲ್ಲರೂ ಇರುವಾಗಲೇ, ನಿಂತುಕೊಂಡು ಹೇಳಿಬಿಟ್ಟರು.

"ಏನು ಕೆಲಸಕ್ಕೆ ಅಂತ ಕೇಳಲಿಲ್ವಾ ನೀನು?" ಯಜಮಾನರು ಕೇಳಿದರು.

"ಇಲ್ಲ, ಸಾರ್."

"ಮತ್ತೆ ಹೇಗೆ ಹೇಳ್ದೆ?"

"ಚಪ್ಪಲಿ ನೋಡಿ ಹೇಳ್ದೆ."

ಯಾರೋ ಕಿಸಕ್ಕನೆ ನಕ್ಕರು. "ಕಣ್ಣಳತೆ, ಸಾರ್. ಟೇಪ್ ಬೇಡ ನಮ್ಮಕ್ಕಂಗೆ," ಎಂದ ಜೀಬಿ ಮಾವ. ಯಾವಾಗಲೂ ಹೊಗಳಿ ಹೇಳುತ್ತಿದ್ದ ಮಾತು ಅಂದು ಬೇರೆ ಥರ ಕೇಳಿಸಿತು. ಅವನಿಗೂ ಹಾಗೇ ಕೇಳಿಸಿರಬೇಕು, ತಲೆ ತಗ್ಗಿಸಿ ಬಿಲ್ ಪುಸ್ತಕ ತಿರುವಿಹಾಕತೊಡಗಿದ.

ಯಜಮಾನರು ಕೆಟ್ಟವರಲ್ಲ. ಯಾರೋ ಒಂದೇ ದಿನ ಬಳಸಿ ಹಿಂದಿರುಗಿಸಿದ್ದ, ಕಟ್ಟೆ ದೊಡ್ಡದಿರುವ ಲ್ಯಾಪ್‌ಟಾಪೊಂದನ್ನು ಬದಲಿಗೆ ಕೊಡಲು ಒಪ್ಪಿದರು. ಜೊತೆಗೆ, "ಇನ್ಮೇಲೆ ಅಂಗಡಿ ಹೊತ್ತಲ್ಲಿ ಗಿರಾಕಿಗಳ ಹತ್ರ ನೀನು ಮಾತಾಡ್ಬೇಡ. ಒರೆಸೋದು ನೋಡ್ಕೋ," ಎಂದರು. ಅವರು ವಾಕ್ಯ ಮುಗಿಸುವ ಮೊದಲೇ ಅಕ್ಕ ತಲೆಯಾಡಿಸಿದ್ದರು. ಸ್ಟೂಲನ್ನು ತಾವೇ ಎತ್ತಿ ಒಳಗಿನ ಕೋಣೆಗೆ ಒಯ್ದರು.

ಮರುದಿನ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟರು. ಹೊಲಿಗೆಯವರು ತೋಳಿನ ಗೆರೆ ಎಳೆದರು. ಗೆರೆ ಬೆರಳಿನ ಜೊತೆಗೇ ಬಂತು. ಇನ್ನೊಂದು ಎಳೆದರು, ಅದೂ ಬಂತು. ಅವರು ತಮ್ಮ ಕೈಯನ್ನೇ ತಿರುಗಿಸಿ ಒಮ್ಮೆ ನೋಡಿಕೊಂಡರು.

ಅಕ್ಕ ಹೇಳಬೇಕೆಂದುಕೊಂಡು ಬಂದದ್ದನ್ನು ಹೇಳಿದರು. "ಅವತ್ತು ನಾನು ನಿಮ್ಮನ್ನ ಏನೂ ಕೇಳಲಿಲ್ಲ. ಚಪ್ಪಲಿ ನೋಡ್ದೆ, ಇಷ್ಟೇ ಇವರದ್ದು ಅನ್ಕೊಂಡೆ."

ಹೊಲಿಗೆಯವರು ತಮ್ಮ ಕಾಲಿನ ಕಡೆ ನೋಡಿದರು. ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈಗುಳ ಬರುತ್ತದೆ ಎಂದು ಕಾದರು. ಬರಲಿಲ್ಲ.

"ಕಣ್ಣಳತೇಲಿ ಕತ್ತರಿಸಿ ನಾನೂ ಎಷ್ಟು ಬಟ್ಟೆ ಹಾಳು ಮಾಡಿದೀನಿ," ಎಂದರು ಅವರು, ಸಹಜವಾಗಿ. "ಕೂತ್ಕೊಳ್ಳಿ, ಟೀ ತರಿಸ್ತೀನಿ."

"ಟೀ ಕುಡಿದು ಲೋಟ ನಾನೇ ತೊಳೆದಿಟ್ಟು ಬಂದೆ," ಎನ್ನುತ್ತಾರೆ ಅಕ್ಕ.

ಅಂದಿನಿಂದ ಅಕ್ಕ ತಾವಾಗಿ ಯಾವುದಕ್ಕೂ ಸಾಕು ಎಂದಿಲ್ಲ. ಊಟಕ್ಕೆ ಬಡಿಸುವಾಗ ಅತ್ತೆ ಕೇಳಿದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. "ಬಾಯಿಗೇನಾಗಿದೆ ನಿಂಗೆ, ಮುತ್ತು ಉದುರುತ್ತಾ?" ಎಂದು ಅತ್ತೆ ಬೇಕೆಂದೇ ಇನ್ನೊಂದು ಸೌಟು ಸುರಿಯುತ್ತಾರೆ.

ಬೆಳಗಿನ ಈ ಅರ್ಧ ಶಟರಿನ ಏರ್ಪಾಡು ಯಾರೂ ಮಾಡಿದ್ದಲ್ಲ. ಅಂಗಡಿಯಲ್ಲಿ ಉತ್ತರ ಸಿಗದವರು ತಾವಾಗಿಯೇ ಬರತೊಡಗಿದರು. ಅಕ್ಕ ಮೊದಲು ಓಡಿಸಿದರು. ಯಜಮಾನರನ್ನು ಕೇಳಿದಾಗ ಅವರು, "ಹತ್ತು ಗಂಟೆಗೆ ಮುಂಚೆ ಏನು ನಡೆಯುತ್ತೋ ನನಗೆ ಗೊತ್ತಿಲ್ಲಪ್ಪ," ಎಂದು ಪತ್ರಿಕೆ ಅಡ್ಡ ಹಿಡಿದರಂತೆ. ಈಗ ಜೀಬಿ ಮಾವನೇ, ಗಿರಾಕಿ ಗೊಂದಲಕ್ಕೆ ಬಿದ್ದರೆ ಕಿವಿಯ ಬಳಿ ಬಗ್ಗಿ, "ನಾಳೆ ಬೆಳಗ್ಗೆ ಹಾಲಿಗೆ ಹೋಗುವಾಗ ಈ ಕಡೆ ಬನ್ನಿ," ಎಂದು ಹೇಳಿ ಕಳಿಸುತ್ತಾನೆ.

ಬಂದವರನ್ನು ಅಕ್ಕ ನೇರವಾಗಿ ನೋಡುವುದಿಲ್ಲ. ಅದನ್ನು ಕೆಲವರು ಸೊಕ್ಕು ಎಂದುಕೊಳ್ಳುತ್ತಾರೆ. ಬೆನ್ನು ಹಾಕಿ ಒರೆಸುತ್ತಾ ಮಾತಾಡಿದರೆ ಕೈ, ಚೀಲ, ಚಪ್ಪಲಿ ಕಣ್ಣಿಗೆ ಬೀಳುವುದಿಲ್ಲ. ಮಾತು ಮಾತ್ರ ಕಿವಿಗೆ ಬೀಳುತ್ತದೆ. ನಿನ್ನೆಯ ದಿನವನ್ನು ಹೇಳಿಸುವುದೂ ಇದಕ್ಕೇ. ಯಾವ ಕೆಲಸಕ್ಕೆ ಬೇಕು ಎಂದು ಕೇಳಿದರೆ ಕೆಲವರು ಇರುವುದಕ್ಕಿಂತ ಹೆಚ್ಚು ಹೇಳುತ್ತಾರೆ, ಕೆಲವರು ನಾಚಿ ಕಡಿಮೆ ಹೇಳುತ್ತಾರೆ. ನಿನ್ನೆ ಏನು ಮಾಡಿದೆ ಎನ್ನುವುದರಲ್ಲಿ ಅಷ್ಟು ಸುಳ್ಳು ನುಸುಳುವುದಿಲ್ಲ. ಕಡೆಗೆ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ. "ಇದರಲ್ಲಿ ಏನಾದ್ರೂ ಹೊಸದು ಕಲೀಬೇಕು ಅಂತಿದೆಯಾ? ಜೋರಾಗಿ ಹೇಳ್ಬೇಡಿ, ಮೆಲ್ಲಗೆ ಹೇಳಿ."

ಹೊಲಿಗೆಯವರು ಆಮೇಲೆ ಅಂಗಡಿಯ ಕಡೆ ಬರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಗೆ ಈಗ ಬೀಗ. ಅವರು ಪರೀಕ್ಷೆಗೆ ಹೋದರೋ ಇಲ್ಲವೋ ಎಂದು ಅಕ್ಕ ತಿಂಗಳುಗಟ್ಟಲೆ ಒಳಗೇ ಕೊರಗಿದರು. ಹುಡುಕಿಕೊಂಡು ಹೋಗಿ ಕೇಳಲು ಮುಖ ಬರಲಿಲ್ಲ.

ನರ್ಸ್ ಹೊರಟ ಮೇಲೆ ಇವತ್ತು ಇನ್ನೊಬ್ಬ ಹೆಂಗಸು ಶಟರ್ ಕೆಳಗೆ ಬಗ್ಗಿ ಬರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಉಡುಪು ಕಾರ್ಖಾನೆಯ ಗುರುತಿನ ಚೀಟಿ. ಯಾರು ಕಳಿಸಿದರೆಂದು ಅಕ್ಕ ಬೆನ್ನು ಹಾಕಿಕೊಂಡೇ ಕೇಳುತ್ತಾರೆ.

"ನಮ್ಮಲ್ಲಿ ಅಚ್ಚು ಬಿಡಿಸೋ ಮೇಡಂ ಇದಾರಲ್ಲ, ಮೊದಲು ಮೆಟ್ಟಿಲ ಕೆಳಗೆ ಹೊಲೀತಿದ್ರಂತೆ, ಅವರು. ಆ ಅಕ್ಕನ್ನೇ ಕೇಳು ಅಂದ್ರು. ಒಂದ್ಸಲ ತಪ್ಪು ಮಾಡಿದಾರೆ, ಇನ್ನು ಮಾಡಲ್ಲ ಅಂದ್ರು."

ಬಟ್ಟೆ ಹಿಡಿದ ಕೈ ನಿಲ್ಲುತ್ತದೆ. ಅಕ್ಕನ ಕಿವಿ, ಕತ್ತು ಕೆಂಪಾಗುತ್ತವೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೂಲ್ ಮುಂದೆ ತಳ್ಳುತ್ತಾರೆ. "ಕೂತ್ಕೊಳ್ಳಿ. ನಿನ್ನೆ ಎದ್ದಾಗಿಂದ ಹೇಳಿ."

ಆಕೆ ಹೋದ ಮೇಲೂ ಅಕ್ಕ ಮೂವತ್ತೆಂಟನೆಯದನ್ನು ಬಹಳ ಹೊತ್ತು ಒರೆಸುತ್ತಾರೆ.

"ಹೊಲಿಗೆಯವರು ಅವತ್ತು ಬೈದುಬಿಟ್ಟಿದ್ರೆ ಅಲ್ಲಿಗೆ ಮುಗೀತಿತ್ತು," ಎನ್ನುತ್ತಾರೆ. "ಬೈಲಿಲ್ಲ ನೋಡಿ. ಈಗ ಬಂದೋರನ್ನೆಲ್ಲ ಕೂರಿಸಿ ಕೇಳಲೇಬೇಕು."